ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದಿನಿಂದಲೇ ಹೆಪ್ಪು

ಪ್ರಶ್ನೆ: ಕಾಲಿನ ರಕ್ತನಾಳದ ಶಸ್ತ್ರಚಿಕಿತ್ಸೆಯಾದವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಅದರಿಂದಲೇ ಕೆಲವರಲ್ಲಿ ಹೆಪ್ಪುಗಟ್ಟುವುದಂತೆ, ಹೇಗೆ? – ಓದುಗರೊಬ್ಬರು, ಬಾದಾಮಿ

ವಿರಳವಾದರೂ ಇದು ಸತ್ಯವಾದ ಸಂಗತಿ. ಹೆಪಾರಿನ್ ಪಡೆಯುತ್ತಿದ್ದ ರೋಗಿಗಳ ಧಮನಿಗಳಲ್ಲಿಯೇ ಹೆಪ್ಪುಗಳು ಸಿಲುಕಿದುದನ್ನು 1958ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ವೈಸ್‌ಮನ್ ಮತ್ತು ಟೋಬಿನ್ ಎಂಬವರು ವರದಿಮಾಡಿದರು. ಹೊರತೆಗೆದ ಆ ಹೆಪ್ಪುಗಳು ಎಂದಿನ ಕಡುಗೆಂಪಿನವಲ್ಲ, ಮಾಸಿದ ನಸುಗೆಂಪಿನ ಮೆತ್ತನೆಯ ಮುದ್ದೆಗಳಾಗಿದ್ದುವು.

ನಮ್ಮ ರಕ್ತದಲ್ಲಿ ಸಂಚರಿಸುವ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮಕಣಗಳು ಗಾಯವಾದೆಡೆ ಒಂದಕ್ಕೊಂದು ಅಂಟಿಕೊಂಡು ರಕ್ತಸ್ರಾವವನ್ನು ತಡೆಯುತ್ತವೆ. ಇವು ಸ್ರವಿಸುವ ಒಂದು ಪ್ರೋಟೀನಿನೊಡನೆ ಹೆಪಾರಿನ್ ಬೆಸೆದುಕೊಂಡಾಗ, ಆ ಜೋಡಿಯನ್ನು ಪರಕೀಯವೆಂದು ಭ್ರಮಿಸಿದ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ಹೊರಡಿಸುವುದುಂಟು. ಅವು ಪ್ಲೇಟ್‌ಲೆಟ್‌ಗಳ ಮೈಗೆ ತಗುಲಿ, ಗಾಯವೇ ಇಲ್ಲದೆಡೆ ಅವನ್ನು ಕೆರಳಿಸುತ್ತವೆ. ಬನಶಂಕರಿಯ ಜಾತ್ರೆಯಲ್ಲಿ ಯಾರೋ ಎಬ್ಬಿಸಿದ ಸುಳ್ಳು ಕೂಗಿಗೆ ಜನವೆಲ್ಲ ಒಂದೇ ಓಣಿಗೆ ನುಗ್ಗಿದರೆ ಓಣಿ ಕಟ್ಟಿಹೋಗುವುದು, ಬಯಲು ಬರಿದಾಗುವುದು. ಅಂತೆಯೇ ಇಲ್ಲಿ ನಾಳ ಮುಚ್ಚುವುದು, ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿಯುವುದು. ಸಾಮಾನ್ಯವಾಗಿ ಮದ್ದು ಆರಂಭವಾದ 5ರಿಂದ 10 ದಿನಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆಗ ವೈದ್ಯರು ಹೆಪಾರಿನ್ನನ್ನು ಸಂಪೂರ್ಣವಾಗಿ ನಿಲ್ಲಿಸಿ, ಅರ್ಗಾಟ್ರೋಬಾನಿನಂಥ ಅನ್ಯ ಔಷಧವನ್ನು ಕೊಡುತ್ತಾರೆ.

ಇದನ್ನೋದಿ ಯಾರೂ ತಾವಾಗಿಯೇ ಮದ್ದನ್ನು ಬಿಡಬಾರದು, ಅದರಿಂದ ಉಳಿದ ಕಾಲುಗಳೂ ಪ್ರಾಣಗಳೂ ಅಸಂಖ್ಯ. ಆದರೆ ಹಿಂದೊಮ್ಮೆ ಹೆಪಾರಿನ್ನಿನಿಂದ ಇಂಥ ತೊಂದರೆಯಾಗಿದ್ದಲ್ಲಿ, ಅದನ್ನು ನಮೂದಿಸಿದ ಚೀಟಿಯನ್ನು ಜೋಪಾನವಾಗಿಟ್ಟು ಪ್ರತಿಯೊಬ್ಬ ವೈದ್ಯರಿಗೂ ತಪ್ಪದೆ ತೋರಿಸಿರಿ.