ಕೊಂಡಿ ಕಳಚಿದ ಕಂಪ್ಯೂಟರ್

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಸೇರಿಸಿ, ಕುಣಿಕೆ ಹಾಕಿ ಜೋಡಿಸುವುದಕ್ಕೆ ನೇಕಾರರು ‘ಕೊಂಡಿ’ ಎನ್ನುತ್ತಾರೆ. ಕೊಂಡಿ ಕೂಡದಿದ್ದರೆ ಒಡಲು ಎಷ್ಟು ಚೆನ್ನಾಗಿದ್ದರೂ, ಸೆರಗು ಎಷ್ಟು ಬೆಲೆಬಾಳಿದರೂ ಸೀರೆಯಾಗದು. ಕಂಪ್ಯೂಟರಿನಲ್ಲಿಯೂ ಇಂಥದೊಂದು ಕೊಂಡಿ ಇದೆ. ಅದರ ಹೆಸರು ಬೂಟ್‌ಲೋಡರ್.

ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಯಂತ್ರದೊಳಗೇ ಬರೆದಿಟ್ಟ ಚಿಕ್ಕ ಕ್ರಮವಿಧಿ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದೂ ಈಚಿನವುಗಳಲ್ಲಿ ಯುಇಎಫ್ಐ ಎಂದೂ ಹೆಸರು. ಅದು ಸ್ಮೃತಿಕೋಶ, ಡಿಸ್ಕ್, ಕೀಲಿಮಣೆಗಳನ್ನು ಪರೀಕ್ಷಿಸಿ ಬೂಟ್‌ಲೋಡರಿಗೆ ಕೆಲಸ ಒಪ್ಪಿಸುತ್ತದೆ. ಬೂಟ್‌ಲೋಡರ್ ಡಿಸ್ಕಿನಲ್ಲಿರುವ ಲಿನಕ್ಸಿನ ತಿರುಳನ್ನು, ಅಂದರೆ ಕರ್ನಲನ್ನು ಹುಡುಕಿ ಸ್ಮೃತಿಕೋಶಕ್ಕೆ ತಂದು ಓಡಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಈ ಮಾತು ಈಗೇಕೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಅರ್ಹತೆ ಅನೇಕ ಹಳೆಯ ಯಂತ್ರಗಳಿಗಿಲ್ಲ. ಬಾಗಲಕೋಟೆಯ ನವನಗರದ ಅಂಗಡಿಯಾಗಲಿ, ಬಾದಾಮಿಯ ಶಾಲೆಯಾಗಲಿ, ಕೈಕಾಲು ಗಟ್ಟಿಯಿರುವ ಇಂಥ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಬಹುದು, ಅದಕ್ಕೆ ದುಡ್ಡಿಲ್ಲ. ಆದರೆ ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ‘ಯಂತ್ರ ಸತ್ತಿತು’ ಎಂದು ತೀರ್ಮಾನಿಸುವವರೇ ಹೆಚ್ಚು. ಬಹುಪಾಲು ಅದು ಸತ್ತಿರುವುದಿಲ್ಲ, ಕೊಂಡಿ ಮಾತ್ರ ಕಳಚಿರುತ್ತದೆ.

ಎಲ್ಲಿ ಕಳಚಿದೆ ಎಂದು ಯಂತ್ರವೇ ಹೇಳುವುದುಂಟು. 1990ರ ದಶಕದಲ್ಲಿ ಬಳಕೆಯಲ್ಲಿದ್ದ ‘ಲಿಲೊ’ ಎಂಬ ಬೂಟ್‌ಲೋಡರ್ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಹಂತ ದಾಟಿದಂತೆ ಪರದೆಯ ಮೇಲೆ ಮೂಡಿಸುತ್ತಿತ್ತು. ಎರಡೇ ಅಕ್ಷರ ಬಂದು ನಿಂತರೆ, ಎರಡನೆಯ ಹಂತದ ಕ್ರಮವಿಧಿ ಸಿಕ್ಕಿದೆ, ಆದರೆ ಓಡುತ್ತಿಲ್ಲ ಎಂದರ್ಥ. ನಾಲ್ಕೂ ಬಂದರೆ ಕ್ಷೇಮ. ಬಾದಾಮಿಯ ಬಂಡೆಯ ಮೇಲಿನ ಶಾಸನದಲ್ಲಿ ಉಳಿದ ಅಕ್ಷರ ಹಿಡಿದು ಸವೆದುದನ್ನು ಊಹಿಸುವಂತೆ, ಬಲ್ಲವರು ಆ ಅಕ್ಷರಗಳಿಂದಲೇ ರೋಗ ಗುರುತಿಸುತ್ತಿದ್ದರು. ಲಿಲೊದ ಅಭಿವೃದ್ಧಿ 2015ರಲ್ಲಿ ನಿಂತಿತು. ಆ ವಿಧಾನ ಮಾತ್ರ ಇಂದಿಗೂ ಸಲ್ಲುತ್ತದೆ: ಕೊನೆಗೆ ಮಾತಾಡಿದವರು ಯಾರು ಎಂದು ನೋಡಬೇಕು.

ಲಿಲೊದ ಜಾಗಕ್ಕೆ ಬಂದದ್ದು ‘ಗ್ರಬ್’. ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂದು ಬಂದರೆ ಗ್ರಬ್ ಎದ್ದಿದೆ, ಆದರೆ ತನ್ನ ಉಳಿದ ಕಡತಗಳಿರುವ ಜಾಗ ಅದಕ್ಕೆ ತಿಳಿದಿಲ್ಲ. ಡಿಸ್ಕಿನ ಭಾಗಗಳನ್ನು ಅಳಿಸಿ ಹೊಸದಾಗಿ ಹಂಚಿದಾಗ ಹೀಗಾಗುವುದುಂಟು. ಇಳಕಲ್ ಮೊದಲು ಹುನಗುಂದ ತಾಲೂಕಿನಲ್ಲಿತ್ತು, ಈಗ ಅದೇ ಬೇರೊಂದು ತಾಲೂಕು. ಹಳೆಯ ವಿಳಾಸ ಬರೆದ ಕಾಗದವನ್ನೂ ಅಂಚೆಯವರು ತಿಳಿದು ಮುಟ್ಟಿಸಿಯಾರು. ಗ್ರಬ್‌ಗೆ ಆ ಲೋಕಜ್ಞಾನವಿಲ್ಲ, ಹೊಸ ವಿಳಾಸವನ್ನು ನಾವೇ ಹೇಳಬೇಕು. ‘ಕರ್ನಲ್ ಪ್ಯಾನಿಕ್’ ಎಂದು ಬಂದರೆ ಕರ್ನಲ್ ಓಡತೊಡಗಿದೆ ಎಂದಾಯಿತು. ತನ್ನ ಮೂಲ ಕಡತವ್ಯವಸ್ಥೆ ಸಿಗದೆ ಅದು ನಿಂತಿರಬಹುದು.

ಅಪರೂಪದ ಯಂತ್ರಗಳ ಕಾಟವೇ ಬೇರೆ. 2013ರ ನಂತರ ಬಂದ ಅಗ್ಗದ ಟ್ಯಾಬ್ಲೆಟ್, ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಇಂಟೆಲ್ ಆಟಮ್ ಸಂಸ್ಕಾರಕ ಇತ್ತು. ಸಂಸ್ಕಾರಕ 64 ಬಿಟ್‌ನದು, ಯುಇಎಫ್ಐ ಮಾತ್ರ 32 ಬಿಟ್‌ನದು! 64 ಬಿಟ್‌ನ ಬೂಟ್‌ಲೋಡರ್ ಮಾತ್ರವಿರುವ ಪೆನ್‌ಡ್ರೈವನ್ನು ಚುಚ್ಚಿದರೆ ಯಂತ್ರ ಅದನ್ನು ಕಂಡೂ ಕಾಣದಂತೆ ಸುಮ್ಮನಿರುತ್ತದೆ. ಪೆನ್‌ಡ್ರೈವ್ ಕೆಟ್ಟಿದೆಯೆಂದು ಬದಲಿಸಿ ಬದಲಿಸಿ ಬೇಸತ್ತರೂ ಫಲವಿಲ್ಲ. ಬೇಕಾದದ್ದು 32 ಬಿಟ್‌ನ ಬೂಟ್‌ಲೋಡರ್. 2015ರ ಡೆಬಿಯನ್ 8 ಇಂಥ ಬೆರಕೆ ಯಂತ್ರಗಳಿಗೂ ದಾರಿ ಮಾಡಿಕೊಟ್ಟಿತು.

ಇನ್ನು ಕೆಲವು ಯಂತ್ರಗಳಲ್ಲಿ ಲಿನಕ್ಸ್ ಸರಾಗವಾಗಿ ಕೂಡುತ್ತದೆ. ಆರಿಸಿ ಹಚ್ಚಿದರೆ ‘ಬೂಟ್ ಸಾಧನವಿಲ್ಲ’ ಎಂಬ ಉತ್ತರ. ಇವುಗಳ ಯುಇಎಫ್ಐ ಹೊಸ ಬೂಟ್‌ಲೋಡರಿನ ಹೆಸರನ್ನು ನೆನಪಿನಲ್ಲಿಡದೆ, ‘ಬೂಟ್’ ಎಂಬ ಒಂದೇ ಗೊತ್ತಾದ ಕಡತಕೋಶದಲ್ಲಿ ಹುಡುಕುತ್ತದೆ. ಗ್ರಬ್‌ನ ಪ್ರತಿಯನ್ನು ಅಲ್ಲಿಯೂ ಇಟ್ಟರೆ ಯಂತ್ರ ಏಳುತ್ತದೆ. ಗ್ರಬ್ ಸ್ಥಾಪಿಸುವಾಗ ‘ರಿಮೂವಬಲ್’ ಎಂಬ ಸೂಚನೆ ಕೊಡುವುದು ಇದಕ್ಕಾಗಿಯೇ.

ಮೊಬೈಲುಗಳಲ್ಲಿರುವ ಆರ್ಮ್ ಜಾತಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಯೋಸ್ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ಸೇರಿ ರೂಪಿಸಿದ, 2001ರಲ್ಲಿ ಜಗತ್ತಿನ ಗಮನ ಸೆಳೆದ ‘ಸಿಂಪ್ಯೂಟರ್’ ಈ ಜಾತಿಯದೇ. ಅಂಗೈಯಗಲದ ಅದು ಲಿನಕ್ಸ್ ಮೇಲೆ ನಡೆಯುತ್ತಿತ್ತು. ಇಂಥ ಹಲಗೆಗಳಲ್ಲಿ ಸ್ಮೃತಿಕೋಶವನ್ನು ಎಬ್ಬಿಸುವ ಹೊಣೆಯೂ ಬೂಟ್‌ಲೋಡರಿನದೇ. ಆದ್ದರಿಂದ ಒಂದು ಹಲಗೆಯ ಬೂಟ್‌ಲೋಡರ್ ಇನ್ನೊಂದಕ್ಕೆ ಹೊಂದದು. ತಪ್ಪಾದುದನ್ನು ಬರೆದರೆ ಹಲಗೆ ಇಟ್ಟಿಗೆಯಾದೀತು!

ಹಾಗಾದರೆ ಏನು ಮಾಡಬೇಕು? ಮೊದಲು ಲೆಕ್ಕಪತ್ರ, ಫೋಟೋಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಯಂತ್ರದಲ್ಲಿ ವಿಂಡೋಸ್‌ನ ‘ಬಿಟ್‌ಲಾಕರ್’ ಬೀಗವಿದ್ದರೆ ಅದರ ಕೀಲಿಸಂಖ್ಯೆ ಬರೆದಿಟ್ಟುಕೊಳ್ಳದೆ ಯುಇಎಫ್ಐಯ ‘ಸೆಕ್ಯೂರ್ ಬೂಟ್’ ಮುಟ್ಟಬೇಡಿ. ಮುಟ್ಟಿದರೆ ನಿಮ್ಮ ಮಾಹಿತಿಯ ಬಾಗಿಲು ನಿಮಗೇ ಮುಚ್ಚಬಹುದು. ಡಿಸ್ಕನ್ನು ಅಳಿಸುವ ಮುನ್ನ ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಓಡಿಸಿ, ಪರದೆ, ಕೀಲಿಮಣೆ, ವೈಫೈ ನಡೆಯುವುದನ್ನು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ವಹಿಯಲ್ಲಿ ಬರೆಯಿರಿ. ಹತ್ತು ಗುಂಡಿಗಳನ್ನು ಒಮ್ಮೆಲೇ ತಿರುವಿದವನ ಯಂತ್ರ ಎದ್ದರೂ ಏಕೆ ಎದ್ದಿತೆಂದು ಅವನಿಗೆ ತಿಳಿಯುವುದಿಲ್ಲ. ನಾಳೆ ಪಕ್ಕದ ಮನೆಯವರ ಯಂತ್ರ ನಿಂತಾಗ ಅವನು ನೆರವಾಗಲಾರ. ಕಪ್ಪು ಪರದೆಯ ಮೇಲಿನ ಆ ಕೊನೆಯ ಸಾಲನ್ನು ಗಾಬರಿಯಿಲ್ಲದೆ ಓದುವುದನ್ನು ಒಬ್ಬ ವಿದ್ಯಾರ್ಥಿ ಕಲಿತರೂ ಸಾಕು, ಶಾಲೆಯ ಕಪಾಟಿನಲ್ಲಿ ದೂಳು ಹಿಡಿದ ನಾಲ್ಕು ಯಂತ್ರಗಳು ಮತ್ತೆ ಮಕ್ಕಳ ಕೈಗೆ ಬಂದಾವು.