ಮಜ್ಜೆ ಕಸಿಯ ನಂತರ ರೋಗನಿರೋಧಕ ಶಕ್ತಿ ಮರಳುವ ಬಗೆ

ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಮೊದಲಾದ ವ್ಯಾಧಿಗಳಲ್ಲಿ ದಾನಿಯೊಬ್ಬರ ಆಕರ ಕೋಶಗಳನ್ನು ರೋಗಿಗೆ ನೀಡುವ ಚಿಕಿತ್ಸೆಗೆ ಮಜ್ಜೆ ಕಸಿ ಎಂದು ಹೆಸರು. ಭಾರತದಲ್ಲಿ ಇದು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ಆಸ್ಪತ್ರೆಯ ವಾಸ ಕೆಲವು ವಾರಗಳದು. ಅನಂತರದ ದೀರ್ಘ ಆರೈಕೆ ಮನೆಯವರದು. ಆದುದರಿಂದ ಸೋಲೂರಿನಂತಹ ಊರುಗಳ ಕುಟುಂಬಗಳೂ ಈ ವಿಷಯವನ್ನು ಅರಿತಿರುವುದು ಅಗತ್ಯ.

ಶಕ್ತಿ ಕುಂದುವುದೇಕೆ?

ಕಸಿಗೆ ಮುನ್ನ ತೀಕ್ಷ್ಣವಾದ ಔಷಧಗಳಿಂದ ರೋಗಿಯ ಹಳೆಯ ಮಜ್ಜೆಯನ್ನು ನಾಶಪಡಿಸುತ್ತಾರೆ. ಅದರೊಡನೆ ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಅಳಿಯುತ್ತವೆ. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ಫಲವೂ ಕ್ರಮೇಣ ಕ್ಷೀಣಿಸುತ್ತದೆ.

ದಾನಿಯ ಕೋಶಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ನೆಲೆಯೂರಿ, ಮೊದಲ ಸಾಲಿನ ಬಿಳಿ ಕಣಗಳನ್ನು ಉತ್ಪಾದಿಸತೊಡಗುತ್ತವೆ. ಆದರೆ ಪೈರು ಬೇರೂರಿದ ಮಾತ್ರಕ್ಕೆ ಫಸಲು ಕೈಸೇರದಷ್ಟೆ. ರಕ್ಷಕ ದ್ರವ್ಯಗಳನ್ನು ತಯಾರಿಸುವ ಬಿ-ಕೋಶಗಳು ಚೇತರಿಸಿಕೊಳ್ಳಲು ಆರು ತಿಂಗಳಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಟಿ-ಕೋಶಗಳಿಗೆ ಒಂದೆರಡು ವರ್ಷಗಳೇ ಹಿಡಿಯಬಹುದು. ಇವು ಪಕ್ವವಾಗುವ ಥೈಮಸ್ ಗ್ರಂಥಿಯು ವಯಸ್ಸಾದಂತೆ ಕುಗ್ಗುವುದರಿಂದ, ಮಕ್ಕಳಿಗಿಂತ ದೊಡ್ಡವರಲ್ಲಿ ಚೇತರಿಕೆ ನಿಧಾನ. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಬಗೆದು ಆಕ್ರಮಿಸುವುದೂ ಉಂಟು. ಇದನ್ನು ತಡೆಯಲು ಕೊಡುವ ಔಷಧಗಳು ನಿರೋಧಕ ಶಕ್ತಿಯನ್ನು ಮತ್ತಷ್ಟು ತಗ್ಗಿಸುತ್ತವೆ. ಹಾಗೆಂದು ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಕೂಡದು.

ಮನೆಯವರು ಗಮನಿಸತಕ್ಕ ಅಂಶಗಳು

1. ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿಯಾದರೂ ಸರಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಯನ್ನು ಸಂಪರ್ಕಿಸಿರಿ. ಜ್ವರದ ಮಾತ್ರೆ ನುಂಗಿಸಿ ಸುಮ್ಮನಿರುವುದು ಪ್ರಾಣಾಪಾಯಕ್ಕೆ ಎಡೆಗೊಡಬಹುದು.

2. ಕೊಟ್ಟಿಗೆ, ಹುಲ್ಲಿನ ಬಣವೆ, ತಿಪ್ಪೆ, ರಾಗಿ ಒಕ್ಕುವ ಕಣ ಇವುಗಳ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಅವು ಶ್ವಾಸಕೋಶಕ್ಕೆ ಮಾರಕವಾಗಬಲ್ಲವು. ರೋಗಿಯನ್ನು ಅಲ್ಲಿಂದ ದೂರವಿರಿಸಿರಿ.

3. ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು, ಬಿಸಿ ಮುದ್ದೆ, ಆಗತಾನೆ ಬೇಯಿಸಿದ ಸಾರು ಉತ್ತಮ. ಹಸಿ ಕೋಸಂಬರಿ, ತಂಗಳನ್ನ ಬೇಡ.

4. ರೋಗಿಯನ್ನು ಮುಟ್ಟುವ ಮೊದಲು ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು. ನೆಗಡಿ, ಕೆಮ್ಮು, ಸೀತಾಳೆ ಸಿಡುಬು ಇರುವವರು ಬಳಿ ಸುಳಿಯಬಾರದು.

ಲಸಿಕೆಗಳ ವಿಚಾರ

ರೋಗಿಗೆ ಲಸಿಕೆಗಳನ್ನು ಮಗುವಿಗೆ ಹಾಕಿಸುವಂತೆ ಮೊದಲಿನಿಂದ ಹಾಕಿಸಬೇಕಾಗುತ್ತದೆ. ನಿರ್ಜೀವ ಲಸಿಕೆಗಳನ್ನು ಸಾಮಾನ್ಯವಾಗಿ ಮೂರರಿಂದ ಹನ್ನೆರಡು ತಿಂಗಳೊಳಗೆ ಆರಂಭಿಸುತ್ತಾರೆ. ದಡಾರದ ಲಸಿಕೆಯಂತಹ ಸಜೀವ ಲಸಿಕೆಗಳನ್ನು ಎರಡು ವರ್ಷಗಳ ತರುವಾಯ, ವೈದ್ಯರು ಒಪ್ಪಿದರೆ ಮಾತ್ರ ಕೊಡಬಹುದು. ಪೋಲಿಯೊ ಹನಿ ಹಾಕಿಸಿಕೊಂಡ ಮಗುವಿನ ಮಲದಲ್ಲಿ ಆ ಸಜೀವ ವೈರಾಣು ಕೆಲವು ವಾರ ಹೊರಬರುತ್ತದೆ. ಆದುದರಿಂದ ಮನೆಯಲ್ಲಿ ಎಳೆಯ ಮಕ್ಕಳಿದ್ದರೆ, ಪೋಲಿಯೊ ಭಾನುವಾರಕ್ಕೆ ಮುನ್ನವೇ ಕಸಿ ಮಾಡಿದ ವೈದ್ಯರಿಗೂ ನಿಮ್ಮೂರಿನ ಆರೋಗ್ಯ ಕಾರ್ಯಕರ್ತೆಗೂ ವಿಷಯ ತಿಳಿಸಿ ಸಲಹೆ ಪಡೆಯಿರಿ. ಮಕ್ಕಳಿಗೆ ಚುಚ್ಚುಮದ್ದಿನ ರೂಪದ ಪೋಲಿಯೊ ಲಸಿಕೆಯೂ ಉಂಟು.

ಕೊನೆಯದಾಗಿ ಒಂದು ಮಾತು. ಕಸಿ ಮಾಡಿಸಿಕೊಂಡವರ ಮೂಲವ್ಯಾಧಿಯು ಅಂಟುಜಾಡ್ಯವಲ್ಲ. ಅವರನ್ನು ದೂರವಿರಿಸುವುದು ಅವರ ರಕ್ಷಣೆಗಾಗಿಯೇ ಹೊರತು ನಮ್ಮ ರಕ್ಷಣೆಗಾಗಿ ಅಲ್ಲ. ನೆರೆಹೊರೆಯವರು ಇದನ್ನರಿತು, ಬಾಗಿಲಲ್ಲಿ ನಿಂತೇ ಆದರೂ ಕ್ಷೇಮ ವಿಚಾರಿಸಿದರೆ, ಆ ಎರಡು ವರ್ಷಗಳ ಭಾರ ಅಷ್ಟರಮಟ್ಟಿಗೆ ಹಗುರಾಗುತ್ತದೆ.