ಹರಿವ ನೀರಿಗೇ ಹಲಗೆ

2024ರ ಆಗಸ್ಟ್ 11, ಭಾನುವಾರ. ಬೆಳಗಿನ ಆರೂವರೆಗೆ ಕಾರಟಗಿಯ ಚಾದಂಗಡಿ ಮುಂದೆ ನಿಂತವರೆಲ್ಲ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದರು. ಯಾರ ಕೈಯಲ್ಲಿ ನೋಡಿದರೂ ಅದೇ ವಿಡಿಯೊ. ಹಿಂದಿನ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟು ಕೊಚ್ಚಿಹೋಗಿತ್ತು. ತುಂಬಿ ನಿಂತ ಡ್ಯಾಮು. ಆ ಒಂದು ಕಂಡಿಯಿಂದ ನೀರು ಹೊಳೆಗೆ ಧುಮುಕುತ್ತಿತ್ತು. ಎಡದಂಡೆ ಕಾಲುವೆಯ ನೀರು ನಂಬಿ ಗದ್ದೆಗಳಲ್ಲಿ ಭತ್ತದ ನಾಟಿ ಹಚ್ಚಿದ್ದ ಕಾಲ ಅದು. ನಮ್ಮ ಕಡೆ ನೀರೆಂದರೆ ಭತ್ತ. ಭತ್ತವೆಂದರೆ ರೈಸ್‌ಮಿಲ್ಲು, ಹಮಾಲರ ಕೂಲಿ, ಗೊಬ್ಬರದಂಗಡಿಯ ಉದ್ದರಿ, ಮಗಳ ಮದುವೆ. ಯಾರೂ ಮಾತಾಡುತ್ತಿರಲಿಲ್ಲ.

ಪಕ್ಕದಲ್ಲಿದ್ದವನು ಬೀಡಿ ಹಚ್ಚಿದ. ಕಟ್ಟನ್ನು ನನ್ನ ಕಡೆಗೂ ಚಾಚಿದ. ನಾನು ತೆಗೆದುಕೊಂಡೆ.

ಬಿಟ್ಟು ಅಂದಿಗೆ ಹನ್ನೊಂದನೆಯ ದಿನ. ಆಗಸ್ಟ್ 1ರಂದು ಬಿಟ್ಟಿದ್ದೆ, ಬೇಕೆಂದೇ ಆ ದಿನ ಆರಿಸಿಕೊಂಡಿದ್ದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಹುಟ್ಟಿದ ದಿನ ಅದು. ರಾಜ್ಯ ಸರ್ಕಾರ ಅದನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಬೆಳಿಗ್ಗೆ ಅವ್ವನ ಎದುರು ಉಳಿದಿದ್ದ ಬೀಡಿಕಟ್ಟನ್ನು ಒಲೆಗೆ ಹಾಕಿದ್ದೆ. ಹತ್ತು ದಿನ ಗೋಡೆಯ ಶಾಬಾದಿಮಠ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಒಂದೊಂದು ಗೀಟು ಎಳೆದಿದ್ದೆ. ಹನ್ನೊಂದನೆಯ ದಿನ ಅರ್ಧ ಬೀಡಿ ಸೇದಿದೆ. ಮನೆಗೆ ಬರುವಷ್ಟರಲ್ಲಿ ಕಿಸೆಯಲ್ಲಿ ಒಂದು ಇಡೀ ಕಟ್ಟಿತ್ತು.

ಈ ಲೇಖನ ಆ ಅರ್ಧ ಬೀಡಿಯ ಬಗ್ಗೆ ಅಲ್ಲ. ಅರ್ಧ ಬೀಡಿಗೂ ಇಡೀ ಕಟ್ಟಿಗೂ ನಡುವೆ ಇದ್ದ ಹತ್ತು ನಿಮಿಷದ ಬಗ್ಗೆ.

ಆ ಹತ್ತು ನಿಮಿಷದಲ್ಲಿ ತಲೆಯೊಳಗೆ ಓಡಿದ ಮಾತು ಒಂದೇ: ‘ಕೆಟ್ಟಿತಲ್ಲ, ಇನ್ನೇನು.’ ಬಿಟ್ಟು ಮತ್ತೆ ಹಚ್ಚಿದವರನ್ನು ಕೇಳಿ ನೋಡಿ, ಎಲ್ಲರೂ ಈ ಮಾತನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ. ‘ನಮ್ಮಂಥೋರಿಗಲ್ಲ ಬಿಡ್ರಿ’ ಎನ್ನುತ್ತಾರೆ. ‘ಹೆಂಗೂ ವ್ರತ ಮುರೀತು’ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಚಟ ಬಿಟ್ಟವರು ಎಡವುವ ಬಗೆಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಸಹೋದ್ಯೋಗಿ ಜುಡಿತ್ ಗಾರ್ಡನ್ ಜೊತೆ 1985ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ತಂದರು. ಎಡವುವುದು ಬೇರೆ, ಹಳೆಯ ಹಾದಿಗೆ ಮರಳುವುದು ಬೇರೆ. ಒಂದರಿಂದ ಇನ್ನೊಂದಕ್ಕೆ ಮನುಷ್ಯನನ್ನು ದಾಟಿಸುವುದು ಹೆಚ್ಚಾಗಿ ಅವನು ತನ್ನ ಬಗ್ಗೆ ಆಡಿಕೊಳ್ಳುವ ಮಾತು ಎಂಬುದು ಅವರ ತಿಳಿವಳಿಕೆ. ‘ನಾನು ದುರ್ಬಲ, ನನ್ನ ಸ್ವಭಾವವೇ ಇಷ್ಟು’ ಎಂದುಕೊಂಡವನು ಇಡೀ ಕಟ್ಟು ಕೊಳ್ಳುತ್ತಾನೆ. ‘ಆ ಹೊತ್ತಿನಲ್ಲಿ, ಆ ಜಾಗದಲ್ಲಿ ನನ್ನ ಹತ್ತಿರ ಉಪಾಯ ಇರಲಿಲ್ಲ’ ಎಂದುಕೊಂಡವನು ಉಪಾಯ ಹುಡುಕುತ್ತಾನೆ. ಸೇದಿದ್ದು ಇಬ್ಬರೂ ಅರ್ಧ ಬೀಡಿಯನ್ನೇ.

ಹಾಗಾದರೆ ನಾನು ದುರ್ಬಲನೇ? ಲೆಕ್ಕ ನೋಡಿದರೆ ಹಾಗೆ ಕಾಣುವುದಿಲ್ಲ. ಯಾರ ಸಹಾಯವೂ ಇಲ್ಲದೆ, ಬರೀ ಛಲದಿಂದ ಬಿಟ್ಟ 100 ಜನರಲ್ಲಿ ಆರು ತಿಂಗಳು, ವರ್ಷದ ನಂತರವೂ ಬಿಟ್ಟೇ ಇರುವವರು ಮೂರರಿಂದ ಐದು ಮಂದಿ ಎಂದು ಅಧ್ಯಯನಗಳು ಹೇಳುತ್ತವೆ. ಮತ್ತೆ ಹಚ್ಚುವವರಲ್ಲಿ ಹೆಚ್ಚಿನವರು ಮೊದಲ ಎಂಟು ದಿನಗಳಲ್ಲೇ ಹಚ್ಚಿರುತ್ತಾರೆ. ಕೆನಡಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಪೂರ್ತಿ ಬಿಡುವ ಮುನ್ನ ಒಬ್ಬ 30 ಅಥವಾ ಅದಕ್ಕೂ ಹೆಚ್ಚು ಸಲ ಪ್ರಯತ್ನ ಪಟ್ಟಿರಬಹುದು. ನಮ್ಮ ದೇಶದಲ್ಲಿ 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಸೇದುವವರ ಪೈಕಿ ಶೇ 38.5 ಮಂದಿ ಹಿಂದಿನ ಒಂದು ವರ್ಷದಲ್ಲಿ ಬಿಡಲು ಯತ್ನಿಸಿದ್ದಾಗಿ ಹೇಳಿದ್ದರು. ಚಾದಂಗಡಿ ಮುಂದೆ ಹತ್ತು ಜನ ಸೇದುತ್ತ ನಿಂತಿದ್ದರೆ ಮೂರು ನಾಲ್ಕು ಮಂದಿ ಈ ವರ್ಷವೇ ಒಮ್ಮೆ ಬಿಟ್ಟು ಸೋತವರು. ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ನಾನೂ ಹೇಳಿರಲಿಲ್ಲ.

ನನಗೆ ಈ ‘ಮನಸ್ಸು ಮಾಡಿದರೆ ಆಗುತ್ತದೆ’ ಎಂಬ ಉಪದೇಶದ ಮೇಲೆ ಸಿಟ್ಟಿದೆ. ಎಳೆದ ದಮ್ಮಿನ ನಿಕೋಟಿನ್ 10ರಿಂದ 20 ಸೆಕೆಂಡಿನೊಳಗೆ ಮಿದುಳು ಮುಟ್ಟುತ್ತದೆ. ಎರಡು ತಾಸಿನಲ್ಲಿ ರಕ್ತದಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಮಿದುಳು ಮತ್ತೆ ಕೇಳುತ್ತದೆ. ಬೀಡಿ ಸಿಗರೇಟಿಗಿಂತ ಹಗುರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಎಲೆಯ ಬೀಡಿ ಆರದಂತೆ ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು. ಹಾಗಾಗಿ ವಿಷ ಕಡಿಮೆಯೇನೂ ಒಳಗೆ ಹೋಗುವುದಿಲ್ಲ. ಪ್ರಭಾತ್ ಝಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಭಾರತದ ಅಧ್ಯಯನದಲ್ಲಿ ಬೀಡಿ ಸೇದುವ ಗಂಡಸರು ಸರಾಸರಿ ಆರು ವರ್ಷ, ಹೆಂಗಸರು ಎಂಟು ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ ಎಂದು ಕಂಡಿತ್ತು. ಸಿಗರೇಟಿನ ಗಂಡಸರಿಗೆ ಹತ್ತು ವರ್ಷ. ಕ್ಷಯ, ಉಸಿರಾಟದ ಕಾಯಿಲೆ, ಹೃದಯ. ಮಿಲ್ಲಿನ ಹೊಟ್ಟಿನ ಧೂಳು ಮೊದಲೇ ಎದೆಯಲ್ಲಿ ಕೂತಿರುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮತ್ತೊಂದು ಸಂಗತಿ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಆ ಹತ್ತು ದಿನ ನಿದ್ದೆ ಇರಲಿಲ್ಲ, ಕೈ ನಡುಕ, ಸಣ್ಣ ಮಾತಿಗೆ ಕೋಪ. ಬೀಡಿ ಬಿಟ್ಟಿದ್ದಕ್ಕೇ ಹೀಗೆ ಎಂದುಕೊಂಡೆ. ಅರ್ಧ ಕಾರಣ ಚಹಾ ಇರಬಹುದಿತ್ತು. ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನು ಬೇಗ ಕರಗಿಸುವಂತೆ ಮಾಡಿರುತ್ತವೆ. ಸೇದುವುದು ನಿಂತರೆ ಆ ವೇಗವೂ ಇಳಿಯುತ್ತದೆ. ಅದೇ ಆರು ಕಪ್ಪು ಚಹಾ ಕುಡಿದರೆ ಮೈಯಲ್ಲಿ ಕೆಫೀನ್ ಹೆಚ್ಚು ಹೊತ್ತು ನಿಲ್ಲುತ್ತದೆ. ಬಿಡುವ ವಾರದಲ್ಲಿ ಚಹಾ ಅರ್ಧಕ್ಕೆ ಇಳಿಸಿ. ಚಾದಂಗಡಿ ಮುಂದೆ ನಿಲ್ಲುವ ಹೊತ್ತೂ ಅರ್ಧವಾಗುತ್ತದಲ್ಲ, ಅದು ಇನ್ನೂ ದೊಡ್ಡ ಲಾಭ.

ಐದು ದಿನ ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಅವ್ವ ಏನೂ ಅನ್ನಲಿಲ್ಲ; ವಾಸನೆ ಅವಳಿಗೆ ತಿಳಿಯದ್ದೇನಲ್ಲ. ಹೆಚ್ಚು ಕುಟುಕಿದ್ದು ಆಗಸ್ಟ್ 1. ಮಹಾಂತ ಸ್ವಾಮೀಜಿಯವರು ಊರೂರು ಸುತ್ತಿ ಜೋಳಿಗೆ ಹಿಡಿದವರು. ಜೋಳ, ಅಕ್ಕಿ, ದುಡ್ಡು ಬೇಡಲಿಲ್ಲ. ‘ನಿಮ್ಮ ಚಟಗಳನ್ನು ಭಿಕ್ಷೆ ಹಾಕಿ’ ಎಂದು ಬೇಡಿದರು. ಜನ ಎದ್ದು ಬಂದು ಬೀಡಿ, ಗುಟ್ಕಾ, ಸಿಗರೇಟು ಜೋಳಿಗೆಗೆ ಹಾಕಿ ಮಾತು ಕೊಡುತ್ತಿದ್ದರು. ‘ಮಹಾಂತ ಜೋಳಿಗೆ’ ಎಂದೇ ಅದು ನಾಡಿನಲ್ಲಿ ಹೆಸರಾಯಿತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಕಾರಟಗಿಯಿಂದ ಕನಕಗಿರಿ, ತಾವರಗೇರಾ, ಕುಷ್ಟಗಿ ದಾಟಿ ಹೆದ್ದಾರಿ ಹಿಡಿದರೆ ಇಳಕಲ್ಲು. ನಮ್ಮ ಪಾಲಿಗೆ ನೆರೆಯ ಮಠ. ಅಂಥವರ ಹೆಸರಿನಲ್ಲಿ ಬಿಟ್ಟು ಮತ್ತೆ ಹಚ್ಚಿದೆನಲ್ಲ ಎಂಬ ನಾಚಿಕೆಗೆ ಇನ್ನೊಂದು ಬೀಡಿ ಸೇದಿದೆ. ನಾಚಿಕೆ ಮಾಡುವ ಕೆಲಸ ಇದೇ.

ಆಮೇಲೆ ಯೋಚಿಸಿದರೆ, ಅವರು ಆರಿಸಿಕೊಂಡದ್ದು ಜೋಳಿಗೆಯನ್ನು. ಜೋಳಿಗೆ ಒಂದೇ ದಿನಕ್ಕೆ ತುಂಬಿ ಮುಗಿಯುವ ವಸ್ತುವಲ್ಲ. ಭಿಕ್ಷಕ್ಕೆ ಬರುವ ಜಂಗಮ ನಾಳೆಯೂ ಅದೇ ಓಣಿಗೆ, ಅದೇ ಬಾಗಿಲಿಗೆ ಬರುತ್ತಾನೆ. ನಿನ್ನೆ ಹಾಕಿದವರು ಇಂದು ಹಾಕಬಾರದೆಂದಿಲ್ಲ. ನಮ್ಮ ವ್ಯಸನಮುಕ್ತಿ ಸಮಾರಂಭಗಳಲ್ಲಿ ಪ್ರತಿಜ್ಞೆ ಮಾಡಿಸುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಹನ್ನೊಂದನೆಯ ದಿನ ಯಾರೂ ಆ ಮನುಷ್ಯನ ಬಾಗಿಲಿಗೆ ಬರುವುದಿಲ್ಲ. ವೇದಿಕೆಯ ಮೇಲಿನ ದಿನಕ್ಕಿಂತ ಆ ಹನ್ನೊಂದನೆಯ ದಿನಕ್ಕೆ ಒಬ್ಬ ಮನುಷ್ಯ ಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಅಷ್ಟರಲ್ಲಿ ಡ್ಯಾಮಿರುವ ಮುನಿರಾಬಾದಿನ ಕಡೆಯಿಂದ ಬೇರೆ ಸುದ್ದಿ ಬರತೊಡಗಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದಿದ್ದರು. ಡ್ಯಾಮಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡುತ್ತಿದ್ದರು. ಸುಮಾರು 60 ಟಿಎಂಸಿ ಅಡಿ ನೀರು ಖಾಲಿಯಾಗದೆ ಹೊಸ ಗೇಟು ಕೂರಿಸಲಾಗದು ಎಂಬ ಮಾತು ಮೊದಲ ದಿನಗಳಲ್ಲಿತ್ತು. ಅಷ್ಟು ನೀರು ಹೋದರೆ ಪೈರಿಗೆ ಉಳಿಯುವುದೇನು? ಆಗ ನಾಯ್ಡು ಅವರು ಖಾಲಿಯಾಗುವವರೆಗೆ ಕಾಯದೆ, ಹರಿಯುವ ನೀರಿನಲ್ಲೇ ಉಕ್ಕಿನ ಭಾರಿ ಹಲಗೆಗಳನ್ನು, ಸ್ಟಾಪ್‌ಲಾಗ್‌ಗಳನ್ನು, ಒಂದೊಂದಾಗಿ ಇಳಿಸುವ ಧೈರ್ಯ ಮಾಡಿದರು. ಆಗಸ್ಟ್ 16ರಂದು ಮೊದಲ ಹಲಗೆ ಕೂತಿತು. ಮರುದಿನದ ಹೊತ್ತಿಗೆ ಕಂಡಿ ಮುಚ್ಚಿತು. ಹೋದ ನೀರು ಹೋಯಿತು, ಕಡಿಮೆಯೇನಲ್ಲ. ಉಳಿದದ್ದು ಉಳಿಯಿತು, ಮುಂದಿನ ವಾರಗಳ ಮಳೆಗೆ ಡ್ಯಾಮು ಮತ್ತೆ ತುಂಬಿತು, ಆ ವರ್ಷ ನಮ್ಮ ಗದ್ದೆಯಲ್ಲಿ ಭತ್ತ ಬಂತು.

ಮೊದಲ ಹಲಗೆ ಕೂತ ವಿಡಿಯೊ ನೋಡಿದಾಗ ನನ್ನ ಕಿಸೆಯಲ್ಲಿ ಇನ್ನೂ ಎಂಟೋ ಒಂಬತ್ತೋ ಬೀಡಿ ಇದ್ದವು. ‘ಕಟ್ಟು ಮುಗಿದ ಮೇಲೆ ಬಿಡೋಣ’ ಎಂದು ನಾನು ಮನಸ್ಸಿನಲ್ಲಿ ಹಾಕಿಕೊಂಡಿದ್ದೆ. ಅಲ್ಲಿಯವರೆಗೂ ಹಾಗೇ ಮಾಡಿಕೊಂಡು ಬಂದಿದ್ದೆ: ಕಟ್ಟು ಮುಗಿಯಲಿ, ಸೋಮವಾರ ಬರಲಿ, ಶ್ರಾವಣ ಕಳೆಯಲಿ, ಗವಿಸಿದ್ಧೇಶ್ವರ ಜಾತ್ರೆಗೆ ಹೋಗಿ ಬಂದು ಶುರು ಮಾಡೋಣ. ಡ್ಯಾಮು ಖಾಲಿಯಾಗಲಿ ಎಂದು ಕಾಯುವ ಲೆಕ್ಕ. ಬೀಡಿಗಳನ್ನು ಮುರಿದು ತಿಪ್ಪೆಗೆ ಹಾಕಿ ಬಂದು, ಪೊಟ್ಟಣದ ಮೇಲೆ ಅಚ್ಚಾಗಿರುವ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದೆ.

ಆ ನಂಬರನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ತಿರುಗಿದವರು ನಾವು. 2018ರಿಂದ ಅದು ಪ್ರತಿ ಪೊಟ್ಟಣದ ಚಿತ್ರದ ಜೊತೆ ಇದೆ. ದುಡ್ಡಿಲ್ಲ. ನಮ್ಮ ಕಡೆಯ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಕನ್ನಡದಲ್ಲೇ. ಬೈಗುಳ ನಿರೀಕ್ಷಿಸಿದ್ದೆ. ಅವರು ಕೇಳಿದ್ದು: ‘ಹತ್ತು ದಿನ ಹೇಗೆ ಬಿಟ್ಟಿದ್ರಿ?’ ಅದುವರೆಗೆ ಯಾರೂ, ನಾನು ಸಹ, ಆ ಹತ್ತು ದಿನದ ಬಗ್ಗೆ ವಿಚಾರಿಸಿರಲಿಲ್ಲ. ಎಲ್ಲರ ಕಣ್ಣು ಹನ್ನೊಂದನೆಯ ದಿನದ ಮೇಲೆ. ಹೇಳುತ್ತ ಹೋದಂತೆ ಗೊತ್ತಾಯಿತು: ಮಧ್ಯಾಹ್ನ ಊಟದ ಮೇಲೆ ಕಷ್ಟವಾಗಿರಲಿಲ್ಲ, ಗದ್ದೆಯಲ್ಲೂ ಅಲ್ಲ. ಬೆಳಗಿನ ಚಾದಂಗಡಿ ಒಂದು, ರಾತ್ರಿ ತೂಕಕ್ಕೆ ಕಾಯುವ ಮಿಲ್ಲಿನ ಸಾಲು ಇನ್ನೊಂದು. ಇವೆರಡೇ ಕಂಡಿ. ಡ್ಯಾಮಿನ 33 ಗೇಟಿನಲ್ಲಿ ಕೊಚ್ಚಿಹೋದದ್ದು ಒಂದೇ ಅಲ್ಲವೇ.

ಬಯಕೆ ಎದ್ದಾಗ ಅದು ನಿಮಿಷಗಳ ಆಟ. ನೀರು ಕುಡಿದು, ನಾಲ್ಕು ಹೆಜ್ಜೆ ಹಾಕಿ, ಯಾರಿಗಾದರೂ ಫೋನು ಹಚ್ಚುವುದರೊಳಗೆ ಇಳಿಯುತ್ತದೆ. ದಿನಕ್ಕೆ ಕಟ್ಟುಗಟ್ಟಲೆ ಸೇದುವವರಿಗೆ ಇಷ್ಟೇ ಸಾಲದು. ನಿಕೋಟಿನ್ ಗಮ್ ಔಷಧದಂಗಡಿಯಲ್ಲಿ ಸಿಗುತ್ತದೆ, ಬೇರೆ ಮಾತ್ರೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಗಮ್ ತಿನ್ನುವ ರೀತಿ ತಿಳಿಯದೆ ‘ಅದರಿಂದ ಏನೂ ಆಗಲಿಲ್ಲ’ ಎನ್ನುವವರನ್ನು ನೋಡಿದ್ದೇನೆ. ಅದನ್ನು ಎಲೆ ಅಡಿಕೆಯಂತೆ ಜಗಿದು ನುಂಗುವುದಲ್ಲ. ನಾಲ್ಕಾರು ಸಲ ಜಗಿದು, ಖಾರ ಹತ್ತಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಮೊದಲಿನ ಕಾಲು ತಾಸು ಚಹಾ, ಕಾಫಿ, ಸೋಡಾ ಕುಡಿದಿರಬಾರದು. ಬಾಯಿ ಹುಳಿಯಾದರೆ ನಿಕೋಟಿನ್ ಒಸಡಿನಿಂದ ಒಳಗಿಳಿಯುವುದಿಲ್ಲ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು.

ಮನೆಯವರಿಗೂ ಒಂದು ಮಾತು. ‘ಮತ್ತ ಹಚ್ಚಿದ್ಯಾ?’ ಎಂದು ಕೇಳಬೇಡಿ. ‘ಎಷ್ಟು ದಿನ ಬಿಟ್ಟಿದ್ದಿ?’ ಎಂದು ಕೇಳಿ. ಅಂಗಡಿಯವರಿಗೂ: ರಾಜ್ಯದಲ್ಲಿ ಬಿಡಿ ಸಿಗರೇಟು, ಬಿಡಿ ಬೀಡಿ ಮಾರುವುದನ್ನು 2017ರಲ್ಲೇ ನಿಷೇಧಿಸಲಾಗಿದೆ. ಬಿಟ್ಟವನು ಎಡವುವುದು ಬಹಳ ಸಲ ಆ ಬಿಡಿ ಒಂದರಿಂದ. ಇಡೀ ಕಟ್ಟು ಕೊಳ್ಳಬೇಕೆಂದರೆ ಕೈ ಒಂದು ಕ್ಷಣ ಹಿಂಜರಿಯುತ್ತದೆ, ಆ ಕ್ಷಣ ಸಾಕಾಗುತ್ತದೆ ಎಷ್ಟೋ ಜನಕ್ಕೆ.

ಐವತ್ತು ದಾಟಿದವರು ‘ಇನ್ನು ಬಿಟ್ಟು ಏನು’ ಎನ್ನುವುದನ್ನು ಕೇಳಿದ್ದೇನೆ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ಬ್ರಿಟನ್ನಿನಲ್ಲಿ ತೋರಿಸಿಕೊಟ್ಟ ರಿಚರ್ಡ್ ಡಾಲ್ ಸ್ವತಃ ಸೇದುವವರಾಗಿದ್ದರು. ತಮ್ಮದೇ ಅಂಕಿಗಳನ್ನು ನೋಡಿ ಬಿಟ್ಟರು. ಸಾವಿರಾರು ವೈದ್ಯರನ್ನು 50 ವರ್ಷ ಹಿಂಬಾಲಿಸಿ 2004ರಲ್ಲಿ ಅವರು ಕೊಟ್ಟ ಲೆಕ್ಕ ಇದು: 60ರಲ್ಲಿ ಬಿಟ್ಟರೂ ಸುಮಾರು ಮೂರು ವರ್ಷ ಆಯುಷ್ಯ ಮರಳುತ್ತದೆ, 50ರಲ್ಲಿ ಆರು, 40ರಲ್ಲಿ ಒಂಬತ್ತು, 30ರಲ್ಲಿ ಹತ್ತು. ಮೂರು ವರ್ಷವೆಂದರೆ ನಮ್ಮಲ್ಲಿ ಆರು ಬೆಳೆ, ಕಾಲುವೆಗೆ ಎರಡೂ ಹಂಗಾಮು ನೀರು ಬಂದರೆ.

ಡಿಸೆಂಬರಿನಲ್ಲಿ ಭತ್ತ ಒಯ್ದಾಗ ಮಿಲ್ಲಿನ ಸಾಲು ಮಧ್ಯರಾತ್ರಿ ದಾಟಿತು. ಮುಂದೆ ಹದಿನಾಲ್ಕು ಟ್ರ್ಯಾಕ್ಟರು, ಚಳಿ, ಬೆಂಕಿ ಕಾಯಿಸುತ್ತ ಕೂತವರ ಕೈಯಲ್ಲೆಲ್ಲ ಬೀಡಿ. ಅವ್ವ ಹುರಿದ ಶೇಂಗಾ, ಬೆಲ್ಲ ಕಟ್ಟಿಕೊಟ್ಟಿದ್ದಳು. ಎರಡು ಸಲ ಎದ್ದು ಸಾಲಿನ ಕೊನೆಯವರೆಗೆ ನಡೆದು ಬಂದೆ. ಮೂರನೆಯ ಸಲ ಕೈ ತಾನೇ ಮುಂದೆ ಹೋಯಿತು. ‘ನೀ ಬಿಟ್ಟೀಯಲ್ಲೋ’ ಎಂದು ಬೀಡಿಯವನೇ ಕಟ್ಟನ್ನು ಹಿಂದಕ್ಕೆ ಎಳೆದುಕೊಂಡ. ಆಗಸ್ಟಿನ ಆ ಬೆಳಿಗ್ಗೆ ಚಾಚಿದವನೂ ಅವನೇ.

ಆ ವರ್ಷದ ಕ್ಯಾಲೆಂಡರನ್ನು ನಾನು ತೆಗೆದಿಲ್ಲ. ಆಗಸ್ಟಿನ ಹಾಳೆಯಲ್ಲಿ ಹತ್ತು ಗೀಟು, ಐದು ಖಾಲಿ ಮನೆ, ಆಮೇಲೆ 16ರಿಂದ ಗೀಟು. 16ರ ಮನೆಯಲ್ಲಿ ಪೆನ್ಸಿಲಿನಿಂದ 11 ಎಂದು ಬರೆದಿದ್ದೇನೆ, 1 ಎಂದಲ್ಲ. ಅದೇ ಮೊಳೆಗೆ ಅದರ ಮೇಲೆ ಹೊಸ ವರ್ಷದ್ದು ತೂಗುತ್ತದೆ.